ಅಪ್ಪ ಎತ್ತಿಕೊಂಡರೆ ಮಗುವಿನ ನಿದ್ದೆ ಕೆಡುತ್ತದಾ?

ಪ್ರಶ್ನೆ: ಹೆಂಡತಿಗೆ ಸಿಸೇರಿಯನ್ ಎಂದಿದ್ದಾರೆ. ಹುಟ್ಟಿದ ಕೂಡಲೇ ಮಗುವನ್ನು ಎದೆಗೆ ಹಾಕಿಕೊಳ್ಳುವ ಆಸೆ ನನಗೆ. ಗಂಡಸರು ಎತ್ತಿಕೊಂಡರೆ ಮಗು ಬೆಚ್ಚಿ ನಿದ್ದೆ ಕೆಡುತ್ತದೆ ಅಂತಾರೆ ಅತ್ತೆ. ನಿಜವೇ?

ಉತ್ತರ: ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅತ್ತೆಯ ಜಾಗದಲ್ಲಿ ಒಮ್ಮೊಮ್ಮೆ ವಾರ್ಡಿನ ಆಯಾ ಇರುತ್ತಾರೆ, ಅಷ್ಟೇ. ಹುಟ್ಟಿದ ಮೇಲಿನ ಒಂದೆರಡು ಗಂಟೆ ಮಗು ಸಾಮಾನ್ಯವಾಗಿ ಎಚ್ಚರವಾಗಿರುತ್ತದೆ, ಮೊದಲ ಹಾಲು ಕುಡಿಯುವುದು ಆಗಲೇ ಅಲ್ವಾ? ಆಮೇಲೆ ಹೇಗೂ ಗಡದ್ದಾಗಿ ಮಲಗುತ್ತದೆ.

ತೊಟ್ಟಿಲಲ್ಲಿ ಕೈಕಾಲು ಬಡಿದು ಅಳುವ ಮಗುವೂ ಎಚ್ಚರವೇ. ಅಪ್ಪನ ಬರಿ ಎದೆಯ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತ, ತುಟಿ ಚಪ್ಪರಿಸುತ್ತ, ಮುಷ್ಟಿಯನ್ನು ಬಾಯಿಗೆ ತರುವುದೂ ಎಚ್ಚರವೇ. ನಮಗೆ ಬೇಕಾದ್ದು ಈ ಎರಡನೆಯದು. ಸ್ವೀಡನ್ನಿನಲ್ಲಿ ಸಿಸೇರಿಯನ್ ಆದ 29 ಮಕ್ಕಳನ್ನು ಗಮನಿಸಿದ ಅಧ್ಯಯನ 2007ರಲ್ಲಿ ಬಂತು. ಅಪ್ಪನ ಎದೆಗೆ ಬಂದವು ಕಾಲು ಗಂಟೆಯೊಳಗೆ ಅಳು ಕಡಿಮೆ ಮಾಡಿದವು, ಗಂಟೆಯೊಳಗೆ ತೂಕಡಿಸಿದವು. ತೊಟ್ಟಿಲಿನವಕ್ಕೆ ತೂಕಡಿಸಲು 110 ನಿಮಿಷ ಹಿಡಿಯಿತು. 2021ರ ಚಿಲಿ ದೇಶದ ಅಧ್ಯಯನದಲ್ಲಿ ಅಪ್ಪನ ಎದೆಯ ಮಕ್ಕಳೇ ಮೊದಮೊದಲು ಜಾಸ್ತಿ ಎಚ್ಚರವಾಗಿದ್ದವು, ಕೊನೆಗೆ ಎಲ್ಲರೂ ಒಂದೇ. ಎರಡೂ ಚಿಕ್ಕ ಅಧ್ಯಯನಗಳು. ಅಳು ಕಡಿಮೆಯಾಗುತ್ತದೆ ಅನ್ನುವುದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ. ಇದರಿಂದ ಮಗುವಿನ ಬುದ್ಧಿ ಚುರುಕಾಗುತ್ತದೆ ಅಂತ ಆನ್‌ಲೈನ್ ಕೋರ್ಸ್ ಮಾರುವವರಿದ್ದಾರೆ, ಅವರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಇನ್ನೊಂದು, ಅಮ್ಮನಿಗೆ ಎಚ್ಚರವಿದ್ದು ಆಪರೇಷನ್ ಟೇಬಲ್ ಮೇಲೇ ಮಗುವನ್ನು ಎದೆಗೆ ಕೊಡುವಂತಿದ್ದರೆ ಮೊದಲ ಹಕ್ಕು ಅವರದು. ಆಗದಿದ್ದರೆ ನಿಮ್ಮದು.

ನನಗೆ ಭಯ ಇರುವುದು ಬೇರೆಯದಕ್ಕೆ. ರಾತ್ರಿಯಿಡೀ ಕಾರಿಡಾರಿನಲ್ಲಿ ಕಾದ ಅಪ್ಪ ಕುರ್ಚಿಗೆ ಒರಗಿದ ಕೂಡಲೇ ಗೊರಕೆ ಹೊಡೆಯುತ್ತಾನೆ. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ನರ್ಸ್ ಕೈಗೆ ಕೊಟ್ಟುಬಿಡಿ, ನಾಚಿಕೆ ಬೇಡ. ಮಗುವಿನ ಮೂಗು ಬಾಯಿ ನಿಮಗೆ ಕಾಣುತ್ತಿರಲಿ, ಕತ್ತು ಮಡಚಿ ಗದ್ದ ಎದೆಗೆ ಒತ್ತಿರಬಾರದು, ಬೆನ್ನಿಗೆ ಒಣಬಟ್ಟೆ, ತಲೆಗೆ ಟೋಪಿ. ಮೊಬೈಲ್ ಜೇಬಿನಲ್ಲೇ ಇರಲಿ, ಸೆಲ್ಫಿ ನಾಳೆಯೂ ತೆಗೆಯಬಹುದು.

ಎದೆಯ ಕೂದಲು ಬೋಳಿಸಬೇಕಾ ಅಂತ ಒಬ್ಬರು ಕೇಳಿದ್ದಾರೆ. ಬೇಡ. ಸಿಗರೇಟು ಬಿಡಿ.

ಹುಟ್ಟಿದ ಮಗುವಿಗೆ ಅಪ್ಪನೇ ಜೇನು ನೆಕ್ಕಿಸಬೇಕಂತೆ, ಯಾವ ಬ್ರ್ಯಾಂಡ್ ಒಳ್ಳೆಯದು ಅಂತ ಇನ್ನೊಬ್ಬರು ಕೇಳಿದ್ದಾರೆ. ಯಾವುದೂ ಅಲ್ಲ. ವರ್ಷ ತುಂಬುವವರೆಗೆ ಜೇನು ಬೇಡ, ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾದ ವಿಷದಿಂದ ಬರುವ ಬೊಟುಲಿಸಂ ಕಾಯಿಲೆ ಆದರೆ ಮಗುವಿನ ಉಸಿರೇ ನಿಲ್ಲಬಹುದು.