ಕೊರಿಯನ್ ಬಿಎ ಓದಬೇಕು, ಅಪ್ಪ ಬಿಕಾಂ ಅನ್ನುತ್ತಾರೆ

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು. ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಎರಡು ವರ್ಷದಿಂದ ಕೊರಿಯನ್ ಡ್ರಾಮಾ ನೋಡುತ್ತಾ ಅಕ್ಷರವನ್ನೂ ಕಲಿತಿದ್ದೇನೆ. ದೆಹಲಿಯ ಜೆಎನ್‌ಯುನಲ್ಲಿ ಕೊರಿಯನ್ ಬಿಎ ಇದೆ ಎಂದು ತಿಳಿದ ಮೇಲೆ ಬೇರೇನೂ ಬೇಡ ಅನ್ನಿಸಿದೆ. ಅಪ್ಪನಿಗೆ ಎರಡೂವರೆ ಎಕರೆ ಕಾಫಿ ತೋಟ. ‘ಬಿಕಾಂ ಮಾಡಿ ಬ್ಯಾಂಕ್ ಪರೀಕ್ಷೆ ಬರಿ. ಆ ಭಾಷೆ ಕಲಿತು ಯಾರ ಹತ್ರ ಮಾತಾಡ್ತೀಯ?’ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ‘ಕಲಿಯೋದಾದ್ರೆ ಜಪಾನೀಸ್ ಕಲಿ, ಕೆಲಸ ಅಲ್ಲಿದೆ’ ಅನ್ನುತ್ತಾನೆ. ಅಮ್ಮ ಏನೂ ಹೇಳುತ್ತಿಲ್ಲ. ನನ್ನದು ಬರೀ ಹುಚ್ಚೇ? ಹಟ ಹಿಡಿಯಲೇ, ಬಿಡಲೇ?

ಉತ್ತರ: ಹುಚ್ಚೋ ಅಲ್ಲವೋ ಎಂಬುದನ್ನು ಎರಡು ತಿಂಗಳಲ್ಲಿ ನೀವೇ ಕಂಡುಕೊಳ್ಳಬಹುದು, ದಾರಿ ಮುಂದೆ ಹೇಳುತ್ತೇವೆ. ಹಟದ ಮಾತು ಅದಾದ ಮೇಲೆ.

ನಿಮಗೆ ಬಹುಶಃ ಯಾರೂ ಹೇಳಿರದ ಒಂದು ಸಂಗತಿ ಮೊದಲು. ಕೊರಿಯನ್ ಮತ್ತು ಜಪಾನೀಸ್ ವಾಕ್ಯಗಳ ಕಟ್ಟೋಣ ಕನ್ನಡಕ್ಕೆ ತೀರ ಹತ್ತಿರ. ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ಪ್ರತ್ಯಯ ನಾಮಪದದ ಬೆನ್ನಿಗೆ ಅಂಟುತ್ತದೆ. ಜಪಾನೀಸಿನ ‘ಕಿನೋ ಕಿತ ಹಿತೊ’ ತೆಗೆದುಕೊಳ್ಳಿ: ಕಿನೋ ಅಂದರೆ ನಿನ್ನೆ, ಕಿತ ಅಂದರೆ ಬಂದ, ಹಿತೊ ಅಂದರೆ ಮನುಷ್ಯ. ‘ನಿನ್ನೆ ಬಂದ ಮನುಷ್ಯ’. ಒಂದು ಪದವೂ ಜಾಗ ಬದಲಿಸುವುದಿಲ್ಲ. ನಾವು ‘ತಿಂದು ನೋಡು’ ಅನ್ನುವಾಗ ಕಣ್ಣಿನಿಂದ ನೋಡು ಅಂತಲ್ಲ, ರುಚಿ ನೋಡು ಅಂತ. ಜಪಾನೀಸಿನ ‘ತಬೆತೆ ಮಿರು’, ಕೊರಿಯನ್ನಿನ ‘ಮೊಗೊ ಬೊದಾ’ ಎರಡರಲ್ಲೂ ಅದೇ ತಿಂದು, ಅದೇ ನೋಡುವುದು, ಅದೇ ಅರ್ಥ. ‘ಬರ್ತೀನಿ ಅಂತ ಹೇಳಿದ’ ಎಂಬಲ್ಲಿನ ‘ಅಂತ’ಕ್ಕೂ ಜಪಾನೀಸಿನಲ್ಲಿ ‘ತೊ’ ಇದೆ. ಇದರಿಂದ ಇವೆಲ್ಲ ಒಂದೇ ಕುಟುಂಬದ ಭಾಷೆಗಳು ಎಂದೇನೂ ಆಗುವುದಿಲ್ಲ, ಹೆಚ್ಚಿನ ಭಾಷಾವಿಜ್ಞಾನಿಗಳು ಆ ವಾದವನ್ನು ಒಪ್ಪಿಲ್ಲ. ಆದರೆ ಕಲಿಯುವವರಿಗೆ ದೊಡ್ಡ ಅನುಕೂಲ. ದೆಹಲಿಯ ತರಗತಿಯಲ್ಲಿ ವಿವರಣೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಕೊರಿಯನ್ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಕನ್ನಡಕ್ಕೆ ತಂದುಕೊಂಡರೆ ವಾಕ್ಯವನ್ನು ಸುಮ್ಮನೆ ಎರಡು ಸಲ ತಲೆಕೆಳಗು ಮಾಡಿದಂತೆ. ನೋಟ್ ಪುಸ್ತಕದಲ್ಲಿ ಅರ್ಥವನ್ನು ಕನ್ನಡದಲ್ಲೇ ಬರೆದುಕೊಳ್ಳಿ.

ತೊಡಕಿರುವುದು ಉಚ್ಚಾರದಲ್ಲಿ. ಕೊರಿಯನ್ನಿನಲ್ಲಿ ತಕಾರ ಮೂರು ಬಗೆ: ಸಡಿಲವಾದದ್ದು, ಉಸಿರು ತುಂಬಿದ್ದು, ಗಂಟಲು ಬಿಗಿಹಿಡಿದದ್ದು. ಸಡಿಲ ‘ತಲ್’ ಅಂದರೆ ಚಂದ್ರ, ‘ಥಲ್’ ಅಂದರೆ ಮುಖವಾಡ, ಬಿಗಿದ ‘ತ್ತಲ್’ ಅಂದರೆ ಮಗಳು. ನಾವು ಮಹಾಪ್ರಾಣವನ್ನು ಬರೆಯುತ್ತೇವೆ, ಮಾತಿನಲ್ಲಿ ಮಾತ್ರ ಬಿಟ್ಟುಬಿಟ್ಟಿದ್ದೇವೆ. ಹಾಗಾಗಿ ಮೂರೂ ಒಂದೇ ಆಗಿ ಕೇಳುತ್ತವೆ. ಬಾಯಿಯ ಮುಂದೆ ತೆಳು ಕಾಗದ ಹಿಡಿದು ಅಭ್ಯಾಸ ಮಾಡಿ. ‘ಥಲ್’ ಅನ್ನುವಾಗ ಕಾಗದ ಹಾರಬೇಕು, ‘ತ್ತಲ್’ ಅನ್ನುವಾಗ ಅಲುಗಲೇಬಾರದು. ಮೊದಲ ವಾರ ಕಳೆದ ಮೇಲೆ ಕೊರಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನೂ ನಿಲ್ಲಿಸಿ. ಅವರ ಎರಡು ಮೂರು ಸ್ವರಗಳು ನಮ್ಮ ಒಂದೇ ‘ಒ’ದೊಳಗೆ ಸೇರಿಹೋಗುತ್ತವೆ, ಆ ತಪ್ಪು ಕಿವಿಗೆ ಅಂಟಿದರೆ ವರ್ಷಗಟ್ಟಲೆ ಬಿಡದು. ಜಪಾನೀಸಿನಲ್ಲಿ ಈ ಕಷ್ಟ ಕಡಿಮೆ. ‘ಒಬಸನ್’ ಅತ್ತೆ ಚಿಕ್ಕಮ್ಮಂದಿರು, ‘ಒಬಾಸನ್’ ಅಜ್ಜಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವ ಕಿವಿಗೆ ಹ್ರಸ್ವ ದೀರ್ಘವಾಗಲಿ, ಒತ್ತಕ್ಷರವಾಗಲಿ ಹೊಸದಲ್ಲ. ಅಲ್ಲಿ ಬೆವರಿಳಿಸುವುದು ಲಿಪಿ. ಹಿರಗಾನ, ಕತಕಾನ ಎಂಬ ಎರಡು ಅಕ್ಷರಮಾಲೆಗಳ ತಲಾ 46 ಅಕ್ಷರ ಕಲಿತ ಮೇಲೂ ನಿತ್ಯಬಳಕೆಗೆ 2136 ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು, ಉಳಿದಿರುತ್ತವೆ. ದಿನಕ್ಕೆ ಮೂರರಂತೆ ಕಲಿತರೂ ಸುಮಾರು ಎರಡು ವರ್ಷ. ಕೊರಿಯನ್ನಿಗೆ ಮೂಲಾಕ್ಷರ 24 ಮಾತ್ರ.

ಡ್ರಾಮಾದಿಂದ ಕಲಿತದ್ದರ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಕೇಳುವುದು ಹೆಚ್ಚಾಗಿ ಗೆಳೆಯ ಗೆಳತಿಯರ, ಪ್ರೇಮಿಗಳ ಏಕವಚನದ ಮಾತು. ಅದನ್ನೇ ಮೇಷ್ಟ್ರ ಮುಂದೆ ಆಡಿದರೆ ‘ಏಯ್ ಬಾರೋ’ ಅಂದಂತಾಗುತ್ತದೆ. ಮೊದಲು ಬಹುವಚನದ ರೂಪಗಳು ಬಾಯಿಗೆ ಕೂರಲಿ.

ಬಿಎ ಪದವಿ ಅಂದರೆ ಮಾತು ಕಲಿಸುವ ಕೋರ್ಸ್ ಅಲ್ಲ ಎಂಬುದೂ ಗೊತ್ತಿರಲಿ. ಅಕ್ಷರಾಭ್ಯಾಸದಿಂದಲೇ ಪಾಠ ಶುರುವಾಗುತ್ತದೆ ನಿಜ, ಮುಂಚೆ ಕಲಿತಿರಬೇಕಿಲ್ಲ. ಮುಂದೆ ಹೋದಂತೆ ಸಾಹಿತ್ಯ, ಅನುವಾದ, ಇತಿಹಾಸ ಬರುತ್ತವೆ: 1392ರಿಂದ ಐದು ಶತಮಾನ ಆಳಿದ ಜೊಸೊನ್ ಅರಸರು, 1910ರಿಂದ 1945ರವರೆಗಿನ ಜಪಾನಿನ ಆಳ್ವಿಕೆ, 1950ರ ಯುದ್ಧ. ತೆರೆಯ ಮೇಲಿನ ಸೊಬಗಿಗೆ ಮಾತ್ರ ಒಲಿದು ಬಂದವರು ಸೋತು ಕೂರುವುದು ಈ ಹಂತದಲ್ಲಿ.

ಈಗ ಆ ಎರಡು ತಿಂಗಳ ಮಾತು. ಅರವತ್ತು ದಿನ, ದಿನಕ್ಕೆ ನಲವತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಪಿಯುಸಿ ಓದು ಕೆಡಬಾರದು. ಹದಿನೈದು ನಿಮಿಷ ಹತ್ತು ಹೊಸ ಪದಗಳನ್ನು ಕೈಯಲ್ಲೇ ಬರೆಯಿರಿ, ಹತ್ತು ನಿಮಿಷ ಹಳೆಯವನ್ನು ನೋಡದೆ ಬರೆಯಿರಿ. ಉಳಿದ ಹೊತ್ತಿನಲ್ಲಿ ಒಂದೇ ನಿಮಿಷದ ಸಂಭಾಷಣೆಯನ್ನು ಸಬ್‌ಟೈಟಲ್ ಇಲ್ಲದೆ ಮತ್ತೆ ಮತ್ತೆ ಕೇಳಿ, ಕೇಳಿಸಿದ್ದನ್ನು ಬರೆದುಕೊಳ್ಳಿ. ಬೇಸರದ ಕೆಲಸ, ಆದರೆ ಪದವಿಯ ಮೂರು ವರ್ಷವೂ ಬಹುಪಾಲು ಇದೇ. ಕೊನೆಯ ದಿನ ತೋಟ, ಮನೆ, ಅಡುಗೆಯ ಬಗ್ಗೆ ಹತ್ತು ವಾಕ್ಯ ಪುಸ್ತಕ ಮುಚ್ಚಿ ಬರೆಯಲು ಬಂದು, ತಪ್ಪಿದ ದಿನಗಳು ಹತ್ತರೊಳಗಿದ್ದರೆ ನಿಮ್ಮದು ಹುಚ್ಚಲ್ಲ. ಇಪ್ಪತ್ತು ದಾಟಿದರೆ ನಿಮಗೆ ಇಷ್ಟವಿರುವುದು ಡ್ರಾಮಾ. ಅದರಲ್ಲಿ ತಪ್ಪೇನಿಲ್ಲ, ಬಿಕಾಂ ಮಾಡಿಕೊಂಡೇ ನೋಡಬಹುದು.

ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಬೆಂಗಳೂರಿನ ಸುತ್ತಮುತ್ತ ಜಪಾನೀಸ್ ಬಲ್ಲವರಿಗೆ ಅವಕಾಶ ಹೆಚ್ಚು. ಬಿಡದಿಯ ಟೊಯೊಟಾ ಒಂದೇ ಅಲ್ಲ, ಜಪಾನಿನ ಗ್ರಾಹಕರಿರುವ ಐಟಿ ಕಂಪನಿಗಳೂ ಇವೆ. ಜಪಾನೀಸ್ ಎಷ್ಟು ಬರುತ್ತದೆಂದು ಅಳೆಯುವ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ, ಬೆಂಗಳೂರಿನಲ್ಲೇ ಕೇಂದ್ರವಿದೆ, ಪ್ರಮಾಣಪತ್ರಕ್ಕೆ ಅವಧಿ ಮಿತಿಯಿಲ್ಲ. ಕೊರಿಯನ್ನಿಗಿರುವ ಅಂಥದೇ ಪರೀಕ್ಷೆ ಟೋಪಿಕ್‌ನ ಅಂಕ ಎರಡೇ ವರ್ಷ ನಡೆಯುತ್ತದೆ. ಹಾಗಂತ ‘ಯಾರ ಹತ್ರ ಮಾತಾಡ್ತೀಯ’ ಎಂಬ ಅಪ್ಪನ ಪ್ರಶ್ನೆಗೆ ಕೊರಿಯನ್ನಿನಲ್ಲಿ ಉತ್ತರವಿಲ್ಲವೆಂದಲ್ಲ: ಆಂಧ್ರದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ, ಚೆನ್ನೈ ಬಳಿ ಹ್ಯುಂಡೈ ಇವೆ. ಯಾವುದೇ ಆದರೂ ಕೆಳಹಂತದ ಪ್ರಮಾಣಪತ್ರಕ್ಕೆ ಬೆಲೆ ಕಡಿಮೆ. ಜಪಾನೀಸಿನಲ್ಲಿ ಐದು ಹಂತ, ಎನ್5 ಕೆಳಗಿನದು. ಅನುವಾದದ ಕೆಲಸಕ್ಕೆ ಎನ್2 ಇಲ್ಲದೆ ಹೋಗಬೇಡಿ. ಅರವತ್ತು ದಿನ ಕೊರಿಯನ್ ನಿಮ್ಮನ್ನು ಹಿಡಿದಿಟ್ಟರೆ ಅಣ್ಣನ ಮಾತಿಗಾಗಿ ಅದನ್ನು ಬಿಡಬೇಡಿ. ಒಂದರ ವ್ಯಾಕರಣ ಗಟ್ಟಿಯಾದರೆ ಇನ್ನೊಂದು ಬೇಗ ಒಲಿಯುತ್ತದೆ.

ಜೆಎನ್‌ಯು ಪ್ರವೇಶ ಸಿಯುಇಟಿ ಮೂಲಕ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ನಮ್ಮ ಕಡೆಯ ಮಕ್ಕಳು ಎಡವುವುದು ಮೂರು ಕಡೆ. ಪಿಯುಸಿ ಫಲಿತಾಂಶ ಬರಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿರುತ್ತದೆ. ಯಾವ ಕೋರ್ಸಿಗೆ ಯಾವ ವಿಷಯ ಬರೆಯಬೇಕೆಂದು ವಿವರಣಾ ಪುಸ್ತಿಕೆಯಲ್ಲಿ ನೋಡದೆ ಗುರುತು ಹಾಕುತ್ತಾರೆ. ಪರೀಕ್ಷೆ ಬರೆದ ಮೇಲೆ ಜೆಎನ್‌ಯುಗೆ ಬೇರೆಯೇ ಅರ್ಜಿ ಹಾಕಬೇಕೆಂಬುದನ್ನು ಮರೆಯುತ್ತಾರೆ. 2025ರ ಪದ್ಧತಿಯಲ್ಲಿ ಒಂದು ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ, ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಪ್ರಶ್ನೆಪತ್ರಿಕೆಯ ಮಾಧ್ಯಮವಾಗಿ ಕನ್ನಡವೂ ಇದೆ. ಭಾಷೆಗಳ ಆದ್ಯತಾ ಪಟ್ಟಿ ತುಂಬುವಾಗ ಮೂರು ವರ್ಷ ಓದಬಲ್ಲವನ್ನು ಮಾತ್ರ ಬರೆಯಿರಿ. ಪರ್ಷಿಯನ್ ಬಂದರೆ ಬೇಸರಪಡಬೇಕಿಲ್ಲ, ಅಪ್ಪನ ‘ಜಮೀನು’ ಅಲ್ಲಿಂದ ಬಂದ ಮಾತೇ. ಆದರೆ ಮನಸ್ಸಿಲ್ಲದಿದ್ದರೆ ಪಟ್ಟಿಗೆ ಸೇರಿಸಬೇಡಿ. ಜಪಾನೀಸ್, ಚೀನೀ ಬಿಎ ಶಾಂತಿನಿಕೇತನದ ವಿಶ್ವಭಾರತಿಯಲ್ಲೂ ಇದೆ. ಅಲ್ಲಿನ ಚೀನಾ ಭವನ 1937ರಷ್ಟು ಹಳೆಯದು.

ಇನ್ನು ಅಪ್ಪ. ಆಳು ಸಿಗದೆ, ಹಣ್ಣು ಗಿಡದಲ್ಲೇ ಒಣಗುತ್ತಿರುವ ಕೊಯ್ಲಿನ ಸಂಜೆಯಲ್ಲಿ ಈ ಮಾತು ತೆಗೆಯಬೇಡಿ. ಬಿಡುವಿನ ದಿನ ಅಮ್ಮನನ್ನೂ ಕೂರಿಸಿಕೊಂಡು, ಅರವತ್ತು ದಿನದ ನೋಟ್ ಪುಸ್ತಕ ಮುಂದಿಡಿ. ಅವರ ಭಯ ಭಾಷೆಯ ಮೇಲಲ್ಲ, ದೂರದ ಮೇಲೆ, ಖರ್ಚಿನ ಮೇಲೆ. ಅದನ್ನೇ ಬರೆದು ತೋರಿಸಿ. ಬೋಧನಾ ಶುಲ್ಕ ಅಲ್ಲಿ ತೀರ ಕಡಿಮೆ, ಹಣ ಹೋಗುವುದು ಊಟ, ವಸತಿ, ಎರಡು ದಿನದ ರೈಲಿಗೆ. ಸೇರಿದ ದಿನವೇ ಹಾಸ್ಟೆಲ್ ಸಿಗುತ್ತದೆಂದು ಎಣಿಸದೆ, ಮೊದಲ ಕೆಲವು ತಿಂಗಳ ಹೊರಗಿನ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಜೊತೆಗೇ ಚಿಕ್ಕಮಗಳೂರಿನಲ್ಲಿ ಬಿಕಾಂಗೂ ಅರ್ಜಿ ಹಾಕುತ್ತೇನೆ ಎನ್ನಿ, ಹಾಕಿ ಕೂಡ. ಸೀಟು ಸಿಗದಿದ್ದರೆ ಬಿಕಾಂ ಜೊತೆ ದಿನಕ್ಕೊಂದು ಗಂಟೆ ಭಾಷೆ ಕಲಿಯುವುದು ಒಳ್ಳೆಯ ದಾರಿಯೇ. ಲೆಕ್ಕಪತ್ರವೂ ಜಪಾನೀಸೂ ಎರಡೂ ಬಲ್ಲವರು ವಿರಳ. ಒಂದೇ ತೊಂದರೆ: ಮುಂದೆ ಆ ಭಾಷೆಯಲ್ಲಿ ಎಂಎ ಮಾಡಬೇಕೆಂದರೆ ಬಿಎ ಮಟ್ಟದ ಭಾಷಾಜ್ಞಾನ ಕೇಳುತ್ತಾರೆ.

ಕಾಗದಪತ್ರಕ್ಕೆ ಈ ವಾರವೇ ಕೈಹಾಕಿ. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಇನಿಷಿಯಲ್ ಸಮೇತ ಹೆಸರು ಒಂದೇ ಥರ ಇದೆಯೇ ನೋಡಿ. ಹಿಂದುಳಿದ ವರ್ಗದವರಾದರೆ ನಾಡಕಚೇರಿಯಿಂದ ತಂದ 2ಎ, 3ಎ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ಖಚಿತ ಮಾಡಿಕೊಂಡು, ಕೇಂದ್ರ ಸರ್ಕಾರದ ನಮೂನೆಯಲ್ಲೇ ಬೇಕೆಂದು ಮೂಡಿಗೆರೆ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.