ಟರ್ಬೋ ಕಾರಿಗೆ ಕಸ್ಟಮ್ ಟ್ಯೂನ್ ಮಾಡಿಸಿದ್ರೆ ಎಂಜಿನ್ ಹೋಗುತ್ತಾ, ಮೈಲೇಜ್ ಜಾಸ್ತಿ ಆಗುತ್ತಾ?

ಪೋಲೋ 1.0 ಟಿಎಸ್‌ಐ ಮ್ಯಾನುಯಲ್ ಇದೆ, ಮನೇಲಿ ಎಂಜಿನ್ ಹಾಳಾಗುತ್ತೆ ಅಂತಾರೆ, ಟ್ಯೂನರ್ ನೋಡಿದ್ರೆ ಪವರೂ ಮೈಲೇಜೂ ಎರಡೂ ಬರುತ್ತೆ ಅಂತಾನೆ, ಯಾರನ್ನ ನಂಬೋದು ಅಂತ ಕೇಳಿದೀರ. ಇಬ್ರನ್ನೂ ಪೂರ್ತಿ ನಂಬ್ಬೇಡಿ. ಟ್ಯೂನ್ ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್‌ಗೆ (ಇಸಿಯು) ಬೇರೆ ಫೈಲ್ ಬರೆಯೋದು, ಕಸ್ಟಮ್ ಅಂದ್ರೆ ಆ ಫೈಲನ್ನ ನಿಮ್ಮ ಗಾಡಿ ನೋಡಿನೇ ತಿದ್ದೋದು. ನಂದೂ ಅದೇ ಗಾಡಿ, ಬೆಂಗಳೂರಲ್ಲೇ ಮಾಡ್ಸಿದ್ದು.

ಮೊದಲ್ನೇ ಸಲ ಕಸ್ಟಮ್ ಅಂತ ದುಡ್ಡು ಇಸ್ಕೊಂಡೋನು ಅರ್ಧ ಗಂಟೇಲಿ ಲ್ಯಾಪ್‌ಟಾಪಿಂದ ಒಂದು ಫೈಲ್ ತುಂಬಿ ಕಳ್ಸಿಬಿಟ್ಟ, ಒಂದು ಲಾಗ್ (ಓಡ್ಸೋವಾಗ ಎಂಜಿನ್ ಏನು ಮಾಡುತ್ತೆ ಅನ್ನೋ ದಾಖಲೆ) ತೆಗೀಲಿಲ್ಲ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡ್ಲಿಲ್ಲ. ಸಿಟೀಲಿ ಸಖತ್ತಾಗಿತ್ತು. ಶಿರಾಡಿ ಘಾಟ್ ಹತ್ತೋವಾಗ ಮೂರನೇ ಗೇರಲ್ಲಿ ಒತ್ತಿದ್ರೂ ಗಾಡಿ ಮಂಕು. ವಾಪಸ್ ಬಂದು ನಾನೇ ಡಾಂಗಲ್ ಸಿಕ್ಕಿಸಿ ಲಾಗ್ ತೆಗೆದ್ರೆ, ಫುಲ್ ಥ್ರಾಟಲ್‌ನಲ್ಲಿ ನಾಕ್ ಆಗಿ (ಪೆಟ್ರೋಲ್ ತಾನಾಗೇ ಹೊತ್ಕೊಂಡು ಬಡಿಯೋದು) ಇಸಿಯು ಟೈಮಿಂಗ್, ಅಂದ್ರೆ ಕಿಡಿ ಬಿಡೋ ಹೊತ್ತನ್ನ, ಹಿಂದಕ್ಕೆ ಎಳೀತಾ ಇತ್ತು. ಫೈಲ್ 95 ಆಕ್ಟೇನ್ ಪೆಟ್ರೋಲ್‌ಗೆ ಬರ್ದಿದ್ದು, ನಾನು ಹಾಕ್ತಿದ್ದಿದ್ದು ಮಾಮೂಲಿ 91, ಅದನ್ನ ಕೇಳೋರೇ ಇರ್ಲಿಲ್ಲ!

ಅಂದ್ಹಾಗೆ ಸ್ಟಾಕ್ ಗಾಡಿಗೆ (ಟ್ಯೂನ್ ಮಾಡ್ಸದೇ ಕಂಪನಿಯಿಂದ ಬಂದಂಗೇ ಇರೋದು) 100 ಆಕ್ಟೇನ್ ಹಾಕಿದ್ರೆ ರಾಕೆಟ್ ಆಗುತ್ತೆ ಅನ್ನೋದೂ ಸುಳ್ಳು. ಆಕ್ಟೇನ್ ಅಂದ್ರೆ ನಾಕ್ ತಡೆಯೋ ಶಕ್ತಿ ಅಷ್ಟೇ, ಆ ಶಕ್ತೀನ ಬಳಸ್ಕೊಳ್ಳೋ ಟೈಮಿಂಗ್ ಇಸಿಯು ಫೈಲಲ್ಲಿ ಇರ್ಬೇಕು.

ಇನ್ನು ಎಲ್ರೂ ಕೇಳೋದು "ಎಷ್ಟು ಬೂಸ್ಟ್ ಮಗಾ?" ಅಂತ. ಬೂಸ್ಟ್ ಅಂದ್ರೆ ಟರ್ಬೋ ಎಂಜಿನ್‌ಗೆ ತುಂಬೋ ಗಾಳಿಯ ಒತ್ತಡ. ಬೂಸ್ಟ್ ಒಂದನ್ನೇ ಏರ್ಸಿದ್ರೆ ಒಂದು ಹಂತ ದಾಟಿದ್ಮೇಲೆ ಟರ್ಬೋ ಗಾಳೀನ ಬರೀ ಕಾಯ್ಸುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ಒತ್ತಡ ಹತ್ತಿರತ್ತಿರ ಹತ್ತು ಪರ್ಸೆಂಟ್ ಕಮ್ಮಿ, ಹಾಗಾಗಿ ಮಂಗಳೂರಲ್ಲಿ ಆರಾಮಾಗಿ ಬರೋ ಪ್ರೆಶರ್‌ಗೇ ಇಲ್ಲಿ ಟರ್ಬೋ ಜಾಸ್ತಿ ಸ್ಪೀಡಲ್ಲಿ ತಿರುಗ್ಬೇಕು. ಒಂದೇ ಫೈಲ್ ಎಲ್ಲಾ ಊರಿಗೂ ಸಮ ಅಲ್ಲ, ಕಸ್ಟಮ್ ಅನ್ನೋದಕ್ಕೆ ಅರ್ಥ ಇರೋದೇ ಇಲ್ಲಿ.

ಎಂಜಿನ್ ಹೋಗುತ್ತಾ ಅಂದ್ರೆ, ಸಾಮಾನ್ಯವಾಗಿ ಮೊದ್ಲು ಕೈ ಕೊಡೋದು ಕ್ಲಚ್. ಕಂಪನಿ ಕೊಟ್ಟಿದ್ದು 175 ಎನ್‌ಎಂ ಟಾರ್ಕ್ (ಎಂಜಿನ್ ತಿರುಗ್ಸೋ ಬಲ), ಅದ್ರ ಮೇಲೆ ಏರ್ಸಿದ್ರೆ ಸವೆದಿರೋ ಕ್ಲಚ್ ಹೈ ಗೇರಲ್ಲಿ ಜಾರುತ್ತೆ, ಆರ್‌ಪಿಎಂ ಏರುತ್ತೆ ಗಾಡಿ ಏರಲ್ಲ. ಎಂಜಿನ್‌ಗೆ ನಿಜವಾದ ಭಯ ಕೆಳಗಿನ ಆರ್‌ಪಿಎಂದು. ಐದನೇ ಗೇರಲ್ಲಿ 1500ರಲ್ಲಿ ಇದ್ದಾಗ ಪೂರ್ತಿ ಒತ್ತಿದ್ರೆ ಕಿಡಿ ಬರೋಕೆ ಮುಂಚೆನೇ ಪೆಟ್ರೋಲ್ ಹೊತ್ಕೊಂಡು ಪಿಸ್ಟನ್ ಒಡೆಯೋ ಚಾನ್ಸ್ ಇದೆ. ಅದಕ್ಕೇ ಒಳ್ಳೇ ಟ್ಯೂನರ್ ಅಲ್ಲಿ ಟಾರ್ಕ್ ಬೇಕಂತಲೇ ಹಿಡ್ದಿರ್ತಾನೆ, ನಾವು "ಪಂಚ್ ಇಲ್ಲ ಗುರೂ" ಅಂತ ಬೈಕೋತೀವಿ.

ಮೈಲೇಜ್ ಬಗ್ಗೆ ಆಸೆ ಇಟ್ಕೋಬೇಡಿ, ನಿಧಾನಕ್ಕೆ ಓಡ್ಸಿದ್ರೆ ಮೊದಲಿನಷ್ಟೇ, ಆದ್ರೆ ಟ್ಯೂನ್ ಮಾಡ್ಸಿ ಯಾರು ನಿಧಾನಕ್ಕೆ ಓಡ್ಸ್ತಾರೆ. ವಾರಂಟಿ ಇದ್ರೆ ಬೇಡವೇ ಬೇಡ, ಸ್ಟಾಕ್ ಫೈಲ್ ವಾಪಸ್ ಹಾಕಿದ್ರೂ ಬರ್ದಿದ್ದ ಗುರುತು ಇಸಿಯುಲಿ ಉಳಿಯೋದುಂಟು.

ನಾನು ಎರಡನೇ ಸಲ ಬೇರೆ ಕಡೆ ಹೋದಾಗ ಆ ಹುಡುಗ ಮೊದ್ಲು ಪ್ಲಗ್ ಬದಲಾಯ್ಸಿ ಅದ್ರ ಕಿಡಿ ಹಾರೋ ಗ್ಯಾಪ್ ಕಮ್ಮಿ ಮಾಡ್ದ, ಟರ್ಬೋ ಗಾಳಿ ಪೈಪ್ ಲೀಕ್ ಚೆಕ್ ಮಾಡ್ದ, ಆಮೇಲೆ ಲಾಗ್ ನೋಡಿ ನೋಡಿ ನಾಲ್ಕು ಸಲ ಫೈಲ್ ತಿದ್ದಿದ. ಪವರ್ ಮೊದಲ್ನೇ ಫೈಲ್ ಹೇಳ್ಕೊಂಡಿದ್ದಕ್ಕಿಂತ ಕಮ್ಮಿನೇ, ಆದ್ರೆ ಘಾಟಲ್ಲಿ ಎಳೆಯುತ್ತೆ. ನಿಮ್ಮ ಗಾಡಿ ಎಷ್ಟು ಓಡಿದೆ, ಕ್ಲಚ್ ಹೇಗಿದೆ ಅಂತ ಬರ್ದಿಲ್ಲ ನೀವು, ಹೇಳಿ ನೋಡೋಣ.