ಹಳೇ ಬಂಕಿನ ಸೈಟಿಗೆ ಎರಡಡಿ ಮಣ್ಣು ಸಾಕೇ?

ತುಮಕೂರಿನ ಓದುಗರೊಬ್ಬರ ಪತ್ರ: ಮುಚ್ಚಿಹೋದ ಪೆಟ್ರೋಲ್ ಬಂಕಿನ ಜಾಗ ಕೊಂಡು ಮನೆ ಕಟ್ಟುವ ಯೋಚನೆಯಿದೆ. ಕ್ರಯಪತ್ರ ಇನ್ನೂ ಆಗಿಲ್ಲ. ಟ್ಯಾಂಕು ತೆಗೆದಿದ್ದಾರೆ, ಎರಡಡಿ ಹೊಸ ಮಣ್ಣು ಹೊಡೆಸಿದರೆ ಸಾಕು ಅಂತ ಮೇಸ್ತ್ರಿ ಹೇಳುತ್ತಾರೆ. ಬೋರ್ ಕೊರೆಸುವುದಿಲ್ಲ, ನಲ್ಲಿ ನೀರೇ ಗತಿ. ತೊಂದರೆಯಿಲ್ಲ ಅಲ್ವಾ?

ಸಂಪಾದಕರ ಉತ್ತರ: ತೊಂದರೆ ಇದೆ. ಹೊಸ ಮಣ್ಣು ವಾಸನೆ ಮುಚ್ಚುತ್ತದೆ, ಅಷ್ಟೇ. ಟ್ಯಾಂಕಿನ ತಳದಿಂದ, ಪೈಪಿನ ಜಾಯಿಂಟಿನಿಂದ ಸೋರಿದ್ದು ಕೆಳಗಿಳಿಯುತ್ತದೆ. ಜಾಸ್ತಿ ಸೋರಿದ್ದರೆ ಅಂತರ್ಜಲದವರೆಗೂ ಹೋಗಿ, ನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತಾ ಪಕ್ಕದವರ ಜಾಗಕ್ಕೂ ಹರಿಯುತ್ತದೆ. ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ನೆಲದಡಿಯ ತೈಲ ಪೈಪು ಸೋರಿ ಜನರ ಬೋರ್‌ವೆಲ್‌ಗಳಲ್ಲಿ ತೈಲ ಬಂದಿತ್ತು.

ನಲ್ಲಿ ನೀರಿನ ಧೈರ್ಯವೂ ಬೇಡ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ನಲ್ಲಿಯ ಪೈಪು ಹೂತಿರುವುದು ಅದೇ ಮಣ್ಣಿನಲ್ಲಿ. ಪಾಲಿಥಿನ್ ಪೈಪಾದರೆ ಬೆಂಜೀನ್ ಒಳಗೆ ನುಸುಳಲು ತೂತೂ ಬೇಕಿಲ್ಲ. ಇನ್ನು ಆವಿ ನೆಲದ ಬಿರುಕಿನಿಂದ ಎದ್ದು ಕಿಟಕಿ ಮುಚ್ಚಿದ ಕೋಣೆಯಲ್ಲಿ ನಿಲ್ಲುತ್ತದೆ.

ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಟ್ಯಾಂಕಿದ್ದ ಗುಂಡಿಯ ತಳ, ಪಂಪು ನಿಂತಿದ್ದ ಜಾಗ, ಪೈಪು ಹಾದ ದಾರಿ, ಮೂರೂ ಕಡೆ ಆಳದ ಮಣ್ಣು ಬೇಕು. ಲ್ಯಾಬಿನವರೇ ಬಂದು ತೆಗೆಯಲಿ. ಗಾಳಿಯಾಡದ ಹಾಗೆ ಮುಚ್ಚಿ ಐಸಿನಲ್ಲಿಟ್ಟು ಒಯ್ಯಬೇಕು. ಸುಮ್ನೆ ಕವರಿನಲ್ಲಿ ಕಟ್ಟಿಕೊಂಡು ಹೋದರೆ ದಾರಿಯಲ್ಲೇ ಪೆಟ್ರೋಲ್ ಆರಿಹೋಗುತ್ತದೆ, ರಿಪೋರ್ಟು ಚೆನ್ನಾಗಿ ಬರುತ್ತದೆ!

ಕೆಟ್ಟ ಮಣ್ಣು ಸ್ವಲ್ಪವೇ ಇದ್ದರೆ ಅಗೆದು ತೆಗೆಸುವುದು ಬೇಗ ಮುಗಿಯುವ ಕೆಲಸ. ಅದನ್ನು ಊರಾಚೆ ಹಳ್ಳಕ್ಕೆ ಸುರಿಸಬೇಡಿ, ಮಾಲಿನ್ಯ ನಿಯಂತ್ರಣ ಮಂಡಳಿಯವರನ್ನು ಕೇಳಿ. ಪೆಟ್ರೋಲ್ ಆಳಕ್ಕಿಳಿದಿದ್ದರೆ ಕೊಳವೆ ಇಳಿಸಿ ಆವಿಯನ್ನು ಹೀರಿ ತೆಗೆಯುತ್ತಾರೆ. ಡೀಸೆಲ್ ಅಷ್ಟು ಬೇಗ ಆವಿಯಾಗುವುದಿಲ್ಲ, ಅದನ್ನು ಬ್ಯಾಕ್ಟೀರಿಯಾಗೆ ತಿನ್ನಿಸಬೇಕು. ತಿಪ್ಪೆ ಗೊಬ್ಬರದ ಲೆಕ್ಕವೇ: ರಾಶಿ ಹಾಕಿ, ತೇವ ಇಟ್ಟು, ಸಾರಜನಕ, ರಂಜಕ ಕೊಟ್ಟು, ಆಗಾಗ ಮಗುಚುತ್ತಿರಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ 1956ರಲ್ಲಿ ನಿಂತ ಗ್ಯಾಸ್ ಕಾರ್ಖಾನೆಯ ಮಣ್ಣಿಗೆ ಮರದ ಹೊಟ್ಟು, ಚರಂಡಿ ಗೊಬ್ಬರ ಬೆರೆಸಿ 1975ರಲ್ಲಿ ಪಾರ್ಕ್ ತೆರೆದರು. ಆಳದಲ್ಲಿ ಉಳಿದ ಟಾರು ಮಾತ್ರ ದಶಕಗಳ ನಂತರವೂ ಕಾಡಿತು.

ಕ್ರಯಪತ್ರ ಆಗದಿರುವುದು ನಿಮ್ಮ ಪುಣ್ಯ. ಪರೀಕ್ಷೆಯ ಖರ್ಚು, ಮಣ್ಣು ಶುದ್ಧ ಮಾಡಿಸುವ ಖರ್ಚು ಯಾರದು ಅಂತ ಮಾರುವವರ ಜೊತೆ ಈಗಲೇ ಮಾತಾಡಿ ಕರಾರಿನಲ್ಲಿ ಬರೆಸಿ. ಟ್ಯಾಂಕು ಎತ್ತಿದ ಕ್ರೇನಿನವರು ಸಿಕ್ಕರೆ ಒಂದು ಮಾತು ಕೇಳಿ ನೋಡಿ, ತಳ ತುಕ್ಕು ಹಿಡಿದು ತೂತಾಗಿತ್ತೇ ಅಂತ.